ಹುಡುಗಿಯರ ಆಟದ ಲೆಕ್ಕ ಯಾರ ಹತ್ತಿರ ಇದೆ?

ಹವಾಯಿಯ ಕ್ಯಾಂಪ್‌ಬೆಲ್ ಹೈಸ್ಕೂಲಿನಲ್ಲಿ ಆಟಗಾರ ಹುಡುಗರಿಗೆ ಬಟ್ಟೆ ಬದಲಿಸಲು ಲಾಕರ್ ರೂಮ್ ಇತ್ತು. ಹುಡುಗಿಯರಿಗೆ ಇರಲಿಲ್ಲ. ಅವರು ಆಟದ ಸಾಮಾನನ್ನೆಲ್ಲ ಬ್ಯಾಗಿಗೆ ತುಂಬಿಕೊಂಡು ದಿನವಿಡೀ ಕ್ಲಾಸಿಂದ ಕ್ಲಾಸಿಗೆ ಹೊತ್ತು ತಿರುಗುತ್ತಿದ್ದರು. ಶಾಲೆ ಬಿಟ್ಟ ಮೇಲೆ ಬಟ್ಟೆ ಬದಲಿಸಲು ಯಾವುದಾದರೂ ಟೀಚರ್‌ನ ಸಾಮಾನು ಕೋಣೆ ಹುಡುಕಬೇಕು, ಇಲ್ಲವೇ ಹತ್ತಿರದ ಬರ್ಗರ್ ಕಿಂಗ್‌ನ ಬಾತ್‌ರೂಮಿಗೆ ಹೋಗಬೇಕು. ಎರಡೂ ಆಗದಿದ್ದರೆ ಮೈದಾನದಲ್ಲೇ, ಹೋಗಿಬರುವವರ ಕಣ್ಣೆದುರಲ್ಲೇ. ವಾಟರ್ ಪೋಲೋ ಆಡುವ ಹುಡುಗಿಯರಿಗೆ ಈಜುಕೊಳ ಸಿಗದೆ ಸಮುದ್ರದಲ್ಲಿ ಅಭ್ಯಾಸ ಮಾಡಿದ್ದೂ ಉಂಟು.

ಇವೆಲ್ಲ ಆ ಶಾಲೆಯ ಹುಡುಗಿಯರು 2018ರ ಡಿಸೆಂಬರ್‌ನಲ್ಲಿ ಹವಾಯಿ ಶಿಕ್ಷಣ ಇಲಾಖೆಯ ಮೇಲೆ ಹಾಕಿದ ಕೇಸಿನಲ್ಲಿ ಇರುವ ಮಾತುಗಳು. ಶಾಲೆಯ ಎಲ್ಲ ಆಟಗಾರ್ತಿಯರ ಪರವಾಗಿ ಇದನ್ನು ನಡೆಸಬಹುದು ಎಂದು ಮೇಲಿನ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ರಾಜಿ ಆಗಿದ್ದು 2023ರ ಅಕ್ಟೋಬರ್‌ನಲ್ಲಿ. ಅಮೆರಿಕದಲ್ಲಿ ಹೈಸ್ಕೂಲು ಅಂದರೆ ನಾಲ್ಕೇ ವರ್ಷ, ಒಂಬತ್ತರಿಂದ ಹನ್ನೆರಡನೇ ಕ್ಲಾಸು. ಕೇಸು ನಡೆದಿದ್ದು ಹೆಚ್ಚು ಕಡಿಮೆ ಐದು ವರ್ಷ.

ಇದರಲ್ಲಿ ಇನ್ನೂ ಒಂದು ಚುಚ್ಚುವ ಸಂಗತಿ ಇದೆ. ಸರ್ಕಾರದ ದುಡ್ಡು ಪಡೆಯುವ ಶಾಲೆ ಕಾಲೇಜುಗಳಲ್ಲಿ ಗಂಡು ಹೆಣ್ಣು ಅಂತ ಭೇದ ಮಾಡಬಾರದು ಅನ್ನುವ ಕಾನೂನು ಅಮೆರಿಕದಲ್ಲಿದೆ. ಅದನ್ನು ಟೈಟಲ್ ನೈನ್ ಅಂತಾರೆ. ಅದು ಬರಲು ದುಡಿದವರಲ್ಲಿ ಮುಖ್ಯರಾದ ಪ್ಯಾಟ್ಸಿ ಮಿಂಕ್ ಹವಾಯಿಯವರೇ. ಹೆಂಗಸು ಅನ್ನುವ ಕಾರಣಕ್ಕೆ ಮೆಡಿಕಲ್ ಕಾಲೇಜುಗಳು ಅವರಿಗೆ ಸೀಟು ಕೊಟ್ಟಿರಲಿಲ್ಲ. ಕೊನೆಗೆ ವಕೀಲರಾಗಿ, ಸಂಸತ್ತಿಗೆ ಹೋದರು. 2002ರಲ್ಲಿ ಅವರು ತೀರಿಕೊಂಡಾಗ ಕಾನೂನಿಗೆ ಅವರದೇ ಹೆಸರಿಟ್ಟರು. ಅವರ ರಾಜ್ಯದ ದೊಡ್ಡ ಸರ್ಕಾರಿ ಹೈಸ್ಕೂಲೊಂದರಲ್ಲಿ, ಕಾನೂನು ಬಂದು 46 ವರ್ಷ ಕಳೆದ ಮೇಲೆ, ಹುಡುಗಿಯರು ಬಟ್ಟೆ ಬದಲಿಸಲು ಬರ್ಗರ್ ಅಂಗಡಿಗೆ ಹೋಗುತ್ತಿದ್ದರು.

ಕಾನೂನು ಗಟ್ಟಿಯಾಗಿಯೇ ಇದೆ. ಆದರೂ ಹೀಗೇಕೆ? ಅಧಿಕಾರಿಗಳ ಉಡಾಫೆ, ದುಡ್ಡಿನ ಕೊರತೆ, ಹಳೇ ಚಾಳಿ, ಎಲ್ಲವೂ ಕಾರಣ ಇರಬಹುದು. ನನಗೆ ಕಾಣುವ ಮುಖ್ಯ ಕಾರಣ ಬೇರೆ. ಶಾಲೆಯಲ್ಲಿ ಎಷ್ಟು ಹುಡುಗಿಯರು ಆಡ್ತಾರೆ, ಅವರಿಗೆ ಏನು ಸಿಗುತ್ತೆ ಅನ್ನುವ ಲೆಕ್ಕ ಹೊರಗಿನವರಿಗೆ ಕಾಣುವುದಿಲ್ಲ. ಹಾಗಾಗಿ ತಪ್ಪನ್ನು ಹಿಡಿಯುವ, ಸಾಬೀತು ಮಾಡುವ ಭಾರವೆಲ್ಲ ಹದಿನೈದು ವರ್ಷದ ಹುಡುಗಿಯ ತಲೆ ಮೇಲೆ ಬೀಳುತ್ತದೆ.

ಮೊದಲು ಕಾನೂನನ್ನು ಸ್ವಲ್ಪ ನೋಡೋಣ. 1972ರ ಜೂನ್ 23ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಮುಖ್ಯ ವಾಕ್ಯ ಇಂಗ್ಲಿಷಿನಲ್ಲಿ 37 ಪದ. ಅದರಲ್ಲಿ ಆಟದ ಸುದ್ದಿಯೇ ಇಲ್ಲ. ಸೀಟು, ಕೆಲಸ, ಸ್ಕಾಲರ್‌ಶಿಪ್ ಇವೇ ಆಗ ಎಲ್ಲರ ತಲೆಯಲ್ಲಿದ್ದವು. ಆಟಕ್ಕೂ ಇದು ಅನ್ವಯ ಆಗುತ್ತೆ ಅಂತ ಗೊತ್ತಾದ ಕೂಡಲೇ ಗದ್ದಲ ಎದ್ದಿತು. 1974ರಲ್ಲಿ ಸೆನೆಟರ್ ಜಾನ್ ಟವರ್ ಅವರು ಟಿಕೆಟ್ ದುಡ್ಡು ತರುವ ಆಟಗಳನ್ನು ಕಾನೂನಿನಿಂದ ಹೊರಗಿಡಿ ಎಂದು ತಿದ್ದುಪಡಿ ತಂದರು. ಅಂದರೆ ಅಮೆರಿಕನ್ ಫುಟ್‌ಬಾಲನ್ನು ಬಿಟ್ಟುಬಿಡಿ ಅಂತ. ಅದು ಕಾನೂನಾಗಲಿಲ್ಲ. 1975ರಲ್ಲಿ ನಿಯಮಗಳು ಬಂದವು. ಸರಿಮಾಡಿಕೊಳ್ಳಲು ಹೈಸ್ಕೂಲು, ಕಾಲೇಜುಗಳಿಗೆ 1978ರ ಜುಲೈವರೆಗೆ ಸಮಯ ಕೊಟ್ಟರು.

1979ರಲ್ಲಿ ಸರ್ಕಾರ ಮೂರು ದಾರಿ ಹೇಳಿತು. ಒಂದು, ಶಾಲೆಯಲ್ಲಿ ಹುಡುಗಿಯರು ಎಷ್ಟು ಪಾಲು ಇದ್ದಾರೋ ಆಟಗಾರರಲ್ಲೂ ಹೆಚ್ಚು ಕಡಿಮೆ ಅಷ್ಟೇ ಪಾಲು ಇರಬೇಕು. ಅದಾಗದಿದ್ದರೆ, ವರ್ಷ ವರ್ಷ ಹುಡುಗಿಯರಿಗೆ ಹೊಸ ತಂಡ ಸೇರಿಸುತ್ತಾ ಬಂದಿದ್ದೇವೆ ಅಂತ ತೋರಿಸಬೇಕು. ಅದೂ ಇಲ್ಲದಿದ್ದರೆ, ಆಡುವ ಆಸೆ ಮತ್ತು ಶಕ್ತಿ ಇರುವ ಹುಡುಗಿಯರಿಗೆಲ್ಲ ಈಗಾಗಲೇ ಅವಕಾಶ ಸಿಕ್ಕಿದೆ ಅಂತ ತೋರಿಸಬೇಕು. ಮೂರರಲ್ಲಿ ಒಂದು ಆದರೂ ಸಾಕು. ಈ ಕಾನೂನನ್ನು ಕೋಟಾ ಅಂತ ಬೈಯುವವರು ಈ ಕೊನೆಯ ಮಾತನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಫಲ ಸಿಕ್ಕಿಲ್ಲ ಅಂತಲ್ಲ. ಹೈಸ್ಕೂಲು ಕ್ರೀಡಾ ಸಂಘಗಳ ರಾಷ್ಟ್ರೀಯ ಒಕ್ಕೂಟ ಪ್ರತಿ ವರ್ಷ ಎಣಿಕೆ ಮಾಡುತ್ತದೆ. 1971-72ರಲ್ಲಿ ಆಡುತ್ತಿದ್ದ ಹುಡುಗಿಯರು 2,94,015. ಹುಡುಗರು 36,66,917. 2023-24ರ ಹೊತ್ತಿಗೆ ಹುಡುಗಿಯರ ಲೆಕ್ಕ 34 ಲಕ್ಷ ದಾಟಿತ್ತು. ಹನ್ನೊಂದು ಪಟ್ಟಿಗೂ ಜಾಸ್ತಿ. ಭಾಷಣಗಳಲ್ಲಿ ಬರುವುದು ಇಷ್ಟೇ. ಆ ಎರಡು ಸಾಲನ್ನು ಇನ್ನೊಂದು ಸಲ ನೋಡಿ. ಅರ್ಧ ಶತಮಾನದ ಹಿಂದೆ ಹುಡುಗರಿಗೆ ಇದ್ದಷ್ಟು ಜಾಗ ಹುಡುಗಿಯರಿಗೆ ಆ ವರ್ಷಕ್ಕೂ ಸಿಕ್ಕಿರಲಿಲ್ಲ. ಹುಡುಗರು ಅಷ್ಟರಲ್ಲಿ 46 ಲಕ್ಷ ದಾಟಿದ್ದರು.

ನಡುವಿನ ಅಂತರ ಸುಮಾರು 12 ಲಕ್ಷ. ಅಮೆರಿಕನ್ ಫುಟ್‌ಬಾಲ್ ಒಂದರಲ್ಲೇ 10 ಲಕ್ಷಕ್ಕೂ ಹೆಚ್ಚು ಹುಡುಗರಿದ್ದಾರೆ. ಹಾಗಾದರೆ ಅಂತರಕ್ಕೆ ಫುಟ್‌ಬಾಲೇ ಕಾರಣ, ಅದನ್ನು ಬಿಟ್ಟು ಎಣಿಸಿ ಅನ್ನುವವರಿದ್ದಾರೆ. ಇದು ಟವರ್ ಅವರ ಹಳೇ ವಾದವೇ. ಒಂದು ತಂಡಕ್ಕೆ ಎಂಬತ್ತು, ನೂರು ಹುಡುಗರನ್ನು ತುಂಬಿಸುವುದು ಶಾಲೆಯ ಆಯ್ಕೆ. ಅಷ್ಟು ಜಾಗ ಹುಡುಗರಿಗೆ ಕೊಟ್ಟ ಮೇಲೆ ಹುಡುಗಿಯರಿಗೆ ಎಲ್ಲಿ ಕೊಡ್ತೀರಿ ಅಂತಷ್ಟೇ ಕಾನೂನು ಕೇಳುತ್ತದೆ.

ಹುಡುಗಿಯರಿಗೆ ಆಸಕ್ತಿಯೇ ಇಲ್ಲ ಅನ್ನುವುದು ಇನ್ನೊಂದು ಮಾತು. ಕುಸ್ತಿಯನ್ನೇ ನೋಡಿ. ಹುಡುಗಿಯರಿಗೆ ಕುಸ್ತಿ ಏಕೆ ಅನ್ನುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ರಾಜ್ಯಗಳು ಒಂದೊಂದಾಗಿ ಹುಡುಗಿಯರದ್ದೇ ಪಂದ್ಯಾವಳಿ ಶುರು ಮಾಡಿದವು. 2023-24ರಲ್ಲಿ ದೇಶದಲ್ಲಿ ಕುಸ್ತಿ ಆಡುವ ಹೈಸ್ಕೂಲು ಹುಡುಗಿಯರು 60 ಸಾವಿರ ದಾಟಿದರು. ಅದೇ ವರ್ಷ ಕ್ಯಾಲಿಫೋರ್ನಿಯಾ ಹುಡುಗಿಯರ ಫ್ಲ್ಯಾಗ್ ಫುಟ್‌ಬಾಲನ್ನು (ಎದುರಾಳಿಯನ್ನು ಕೆಡವದೆ, ಸೊಂಟದ ಪಟ್ಟಿ ಕಿತ್ತು ತಡೆಯುವ ಅಮೆರಿಕನ್ ಫುಟ್‌ಬಾಲ್) ಅಧಿಕೃತ ಆಟವಾಗಿ ಸೇರಿಸಿತು. ತಂಡ ಇದ್ದರೆ ತಾನೇ ಸೇರುವ ಆಸೆ ಹುಟ್ಟೋದು?

ಈಗ ಲೆಕ್ಕದ ಕತೆಗೆ ಬರೋಣ. ಅಮೆರಿಕದ ಕಾಲೇಜುಗಳಿಗೆ 1994ರಲ್ಲೇ ಒಂದು ಕಾನೂನು ಬಂತು. ಪ್ರತಿ ವರ್ಷ ಅಕ್ಟೋಬರ್ 15ರೊಳಗೆ ಎಷ್ಟು ಹುಡುಗರು ಆಡಿದರು, ಎಷ್ಟು ಹುಡುಗಿಯರು, ಕೋಚ್‌ಗಳ ಸಂಬಳ ಎಷ್ಟು, ಖರ್ಚು ಎಷ್ಟು, ಎಲ್ಲವನ್ನೂ ಕೊಡಬೇಕು. ಸರ್ಕಾರದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಈ ಕಾನೂನು ಹೈಸ್ಕೂಲಿಗೆ ಇಲ್ಲ. ಕಾಲೇಜು ತಂಡಗಳಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಹುಡುಗಿಯರು ಹೈಸ್ಕೂಲಿನಲ್ಲಿ ಆಡುತ್ತಾರೆ. ಕಾಲೇಜು ತಂಡಕ್ಕೆ ಹೋಗುವವರೂ ಅಲ್ಲಿಂದಲೇ ಬರಬೇಕು. ಲೆಕ್ಕ ಮಾತ್ರ ಮೇಲಿನ ಮಹಡಿಯದ್ದು.

ಹೈಸ್ಕೂಲಿಗೆ ಏನೂ ಇಲ್ಲ ಅಂತಲೂ ಅಲ್ಲ. ಅಲ್ಲಿನ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿ ಕೆಲವು ವರ್ಷಕ್ಕೊಮ್ಮೆ ಎಲ್ಲ ಶಾಲೆಗಳಿಂದ ಮಾಹಿತಿ ತರಿಸಿಕೊಳ್ಳುತ್ತದೆ. ಆಟ ಎಷ್ಟು, ತಂಡ ಎಷ್ಟು, ಮಕ್ಕಳು ಎಷ್ಟು ಅಂತ ಅದರಲ್ಲಿ ಕೇಳುತ್ತಾರೆ. ದುಡ್ಡಿನ ಬಗ್ಗೆ, ಮೈದಾನದ ಬಗ್ಗೆ ಕೇಳುವುದಿಲ್ಲ. 2021-22ರ ಮಾಹಿತಿ ಜನರ ಕೈಗೆ ಬಂದಿದ್ದು 2025ರ ಜನವರಿಯಲ್ಲಿ. ಆ ವರ್ಷ ಒಂಬತ್ತನೇ ಕ್ಲಾಸಿಗೆ ಸೇರಿದ ಹುಡುಗಿ ಅಷ್ಟರಲ್ಲಿ ಹನ್ನೆರಡರಲ್ಲಿ ಇದ್ದಳು. ಅವಳಿಗೆ ಈ ಅಂಕಿಯಿಂದ ಏನು ಉಪಯೋಗ?

ಲೆಕ್ಕ ಇಲ್ಲದ ಕಡೆ ಕೋರ್ಟೇ ಗತಿ. ಕೋರ್ಟಿನ ಕಾಲವೇ ಬೇರೆ. ಮಿಷಿಗನ್ ರಾಜ್ಯದಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲನ್ನು ಚಳಿಗಾಲದ ಬದಲು ಅದಕ್ಕೂ ಮುಂಚಿನ ಋತುವಿನಲ್ಲಿ, ವಾಲಿಬಾಲನ್ನು ಚಳಿಗಾಲದಲ್ಲಿ ಆಡಿಸುತ್ತಿದ್ದರು. ದೇಶದ ಉಳಿದೆಡೆ ಇದಕ್ಕೆ ತದ್ವಿರುದ್ಧ. ಹುಡುಗರ ಆಟಗಳು ಮಾತ್ರ ಸರಿಯಾದ ಕಾಲಕ್ಕೇ ನಡೆಯುತ್ತಿದ್ದವು. ಮೇಲ್ನೋಟಕ್ಕೆ ಇದೇನು ದೊಡ್ಡ ವಿಷಯ ಅನ್ನಿಸಬಹುದು. ಆದರೆ ಕಾಲೇಜಿನ ಕೋಚ್‌ಗಳು ಒಳ್ಳೆ ಆಟಗಾರ್ತಿಯರನ್ನು ಹುಡುಕಿಕೊಂಡು ಬರುವುದಕ್ಕೆ ಒಂದು ಕಾಲ ಇರುತ್ತದೆ. ಆಗ ಮಿಷಿಗನ್ ಹುಡುಗಿಯರ ಆಟವೇ ಇಲ್ಲದಿದ್ದರೆ ಸ್ಕಾಲರ್‌ಶಿಪ್ ಬೇರೆಯವರ ಪಾಲು. ತಾಯ್ತಂದೆಯರ ಗುಂಪು 1998ರಲ್ಲಿ ಕೇಸು ಹಾಕಿತು, 2001ರಲ್ಲಿ ಗೆದ್ದಿತು. ರಾಜ್ಯದ ಕ್ರೀಡಾ ಸಂಘ ಮೇಲ್ಮನವಿ ಹಾಕುತ್ತಲೇ ಹೋಯಿತು. 2007ರಲ್ಲಿ ಸುಪ್ರೀಂ ಕೋರ್ಟ್ ಕೇಳಲು ಒಪ್ಪದ ಮೇಲೆಯೇ ವೇಳಾಪಟ್ಟಿ ಬದಲಾಯಿತು. ಒಂಬತ್ತು ವರ್ಷ ಅಂದರೆ ಎರಡು ಹೈಸ್ಕೂಲು ತಲೆಮಾರು.

ಕ್ಯಾಲಿಫೋರ್ನಿಯಾದ ಚೂಲಾ ವಿಸ್ಟಾ ಊರಿನ ಕ್ಯಾಸಲ್ ಪಾರ್ಕ್ ಹೈಸ್ಕೂಲಿನ ಸಾಫ್ಟ್‌ಬಾಲ್ ಹುಡುಗಿಯರದ್ದೂ ಇದೇ ಕತೆ. 2007ರಲ್ಲಿ ಹಾಕಿದ ಕೇಸಿಗೆ ಮೇಲಿನ ಕೋರ್ಟಿನ ತೀರ್ಪು ಬಂದಿದ್ದು 2014ರಲ್ಲಿ. ಆ ತೀರ್ಪಿನಲ್ಲಿ ಒಂದು ಲೆಕ್ಕ ಇದೆ, ಅದನ್ನು ನೆನಪಿಟ್ಟುಕೊಳ್ಳಬೇಕು. ಶಾಲೆಯಲ್ಲಿ ಹುಡುಗಿಯರ ಪಾಲಿಗೂ ಆಟಗಾರರಲ್ಲಿ ಅವರ ಪಾಲಿಗೂ ಇದ್ದ ವ್ಯತ್ಯಾಸ ಶೇ 6.7. ಇಷ್ಟು ಕಡಿಮೆ ಇದ್ದರೆ ಪರವಾಗಿಲ್ಲ ಅಲ್ವಾ ಅಂತ ಶಾಲೆಯ ಕಡೆಯವರ ವಾದ. ಕೋರ್ಟು ಶೇಕಡಾವಾರು ಬಿಟ್ಟು ತಲೆ ಎಣಿಸಿತು. ಕಡಿಮೆ ಎಂದರೂ 47 ಹುಡುಗಿಯರಿಗೆ ಜಾಗ ತಪ್ಪಿದೆ, ಅಷ್ಟು ಜನ ಇದ್ದರೆ ಒಂದು ಒಳ್ಳೆ ತಂಡವನ್ನೇ ಕಟ್ಟಬಹುದು ಎಂದಿತು. ಕೋಚ್ ಸಿಗಲಿಲ್ಲ, ಅದಕ್ಕೇ ಹುಡುಗಿಯರ ಫೀಲ್ಡ್ ಹಾಕಿ ನಿಲ್ಲಿಸಿದೆವು ಅನ್ನುವ ಸಬೂಬೂ ನಡೆಯಲಿಲ್ಲ.

ಅದೇ 2014ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕೆಲಸ ಮಾಡಿತು. ಎಸ್‌ಬಿ 1349 ಅನ್ನುವ ಮಸೂದೆ ಪಾಸಾಯಿತು. ಸ್ಪರ್ಧೆಯ ಆಟಗಳಿರುವ ಪ್ರತಿ ಸರ್ಕಾರಿ ಶಾಲೆಯೂ ಶಾಲಾ ವರ್ಷ ಮುಗಿಯುವಾಗ ಮೂರು ಲೆಕ್ಕವನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಶಾಲೆಯಲ್ಲಿ ಹುಡುಗರೆಷ್ಟು ಹುಡುಗಿಯರೆಷ್ಟು, ಆಡಿದವರಲ್ಲಿ ಎಷ್ಟೆಷ್ಟು, ಯಾವ ಆಟಕ್ಕೆ ಯಾವ ಮಟ್ಟದಲ್ಲಿ ಎಷ್ಟು ತಂಡ. ಫ್ರೀಮಾಂಟ್, ಕುಪರ್ಟಿನೊ, ಸ್ಯಾನ್ ಹೊಸೆ ಕಡೆ ಇರುವ ನಮ್ಮ ಕನ್ನಡದ ಅಪ್ಪ ಅಮ್ಮಂದಿರು ಶಾಲೆಯ ರೇಟಿಂಗ್, ಎಸ್‌ಎಟಿ ಅಂಕ, ಯಾವ ಮನೆ ಯಾವ ಶಾಲೆಗೆ ಬರುತ್ತೆ, ಇದನ್ನೆಲ್ಲ ಬಾಯಿಪಾಠ ಮಾಡಿರುತ್ತಾರೆ. ಈ ಪುಟವನ್ನೂ ಒಮ್ಮೆ ತೆಗೆದು ನೋಡಬಹುದು.

ನೋಡುವುದು ಹೇಗೆ? ಒಂದು ಶಾಲೆಯಲ್ಲಿ 1,000 ಹುಡುಗರು, 1,000 ಹುಡುಗಿಯರು ಅಂದುಕೊಳ್ಳಿ. ಆಡುವವರಲ್ಲಿ ಹುಡುಗರು 400, ಹುಡುಗಿಯರು 250. ಶಾಲೆಯಲ್ಲಿ ಹುಡುಗಿಯರು ಅರ್ಧ, ಆಟದಲ್ಲಿ ಶೇ 38.5. ವ್ಯತ್ಯಾಸ ಶೇ 11.5, ಕೇಳಲು ಅಷ್ಟೇನೂ ದೊಡ್ಡದಲ್ಲ. ಕ್ಯಾಸಲ್ ಪಾರ್ಕ್ ತೀರ್ಪಿನ ಹಾಗೆ ತಲೆ ಎಣಿಸಿದರೆ ಬೇರೆಯೇ ಕಾಣುತ್ತದೆ. ಹುಡುಗರ 400 ಹಾಗೇ ಇದ್ದರೆ ಸಮ ಆಗಲು ಇನ್ನೂ 150 ಹುಡುಗಿಯರಿಗೆ ಜಾಗ ಬೇಕು. ಪ್ರಿನ್ಸಿಪಾಲರ ಮುಂದೆ ಶೇಕಡಾ ಇಡಬೇಡಿ, ಈ 150 ಇಡಿ.

ಲೆಕ್ಕ ಸಿಕ್ಕಿತು ಅಂತ ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. ಮೂರು ಆಟ ಆಡುವ ಒಬ್ಬಳನ್ನು ಮೂರು ಸಲ ಎಣಿಸಿರಬಹುದು. ಮೇಲೆ ಹೇಳಿದ ರಾಷ್ಟ್ರೀಯ ಎಣಿಕೆಯೂ ಹಾಗೇ ಇದೆ, 34 ಲಕ್ಷ ಅಂದರೆ ಅಷ್ಟು ಬೇರೆ ಬೇರೆ ಹುಡುಗಿಯರು ಅಂತಲ್ಲ. ಹುಡುಗರ ಪಂದ್ಯದ ಪಕ್ಕದಲ್ಲಿ ನಿಂತು ಹುರಿದುಂಬಿಸುವ ಚಿಯರ್ ತಂಡವನ್ನೂ ಆಟಗಾರ್ತಿಯರ ಪಟ್ಟಿಗೆ ಸೇರಿಸಿ ಸಂಖ್ಯೆ ಉಬ್ಬಿಸುವುದುಂಟು.

ಕಾಲೇಜುಗಳು ಇದರಲ್ಲಿ ಎಷ್ಟು ಪಳಗಿವೆ ಅನ್ನುವುದನ್ನು 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡಿತು. ಕಾರ್ನೆಲ್ ವಿಶ್ವವಿದ್ಯಾಲಯದ ಮಹಿಳಾ ಕತ್ತಿವರಸೆ ತಂಡದಲ್ಲಿ 34 ಹೆಸರು. ಮುಖವಾಡ ತೆಗೆದರೆ ಅವರಲ್ಲಿ 15 ಜನ ಹುಡುಗರು. ಅಭ್ಯಾಸಕ್ಕೆ ಜೊತೆಯಾಗಲು ಬರುವವರು ಅವರು. ಅವರನ್ನೂ ಮಹಿಳಾ ತಂಡದ ಲೆಕ್ಕಕ್ಕೇ ಸೇರಿಸಿ ಅಂತ ಸರ್ಕಾರದ ನಿಯಮವೇ ಹೇಳುತ್ತಿತ್ತು! ಸೌತ್ ಫ್ಲಾರಿಡಾ ವಿಶ್ವವಿದ್ಯಾಲಯದ ಕ್ರಾಸ್ ಕಂಟ್ರಿ ಪಟ್ಟಿಯಲ್ಲಿ 71 ಹುಡುಗಿಯರಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ 2009ರಲ್ಲಿ ಒಂದು ಓಟವನ್ನೂ ಓಡಿರಲಿಲ್ಲ. ಇದೆಲ್ಲ ಹೊರಬಿದ್ದಿದ್ದು ಪಟ್ಟಿ ಎಲ್ಲರ ಕೈಗೆ ಸಿಗುವಂತಿದ್ದರಿಂದ. ಸುಳ್ಳು ಲೆಕ್ಕವಾದರೂ ಬಹಿರಂಗವಾಗಿದ್ದರೆ ಹಿಡಿಯಬಹುದು.

ಇನ್ನು ತಲೆ ಎಣಿಕೆಗೆ ಸಿಗದ ವಿಷಯ. ಕ್ಯಾಂಪ್‌ಬೆಲ್ ಶಾಲೆಯ ಲಾಕರ್ ರೂಮ್ ಯಾವ ಪಟ್ಟಿಯಲ್ಲಿ ಬರುತ್ತೆ? ಯಾವುದರಲ್ಲೂ ಇಲ್ಲ. ಫ್ಲಾರಿಡಾದ ಬ್ರೆವಾರ್ಡ್ ಕೌಂಟಿಯಲ್ಲಿ 1997ರಲ್ಲಿ ನಡೆದ ಒಂದು ಕೇಸು ಇದಕ್ಕೆ ತಕ್ಕ ಉದಾಹರಣೆ. ಹುಡುಗರ ಬೇಸ್‌ಬಾಲ್ ಮೈದಾನಕ್ಕೆ ಎಲೆಕ್ಟ್ರಾನಿಕ್ ಸ್ಕೋರ್‌ಬೋರ್ಡ್, ರಾತ್ರಿ ಆಡಲು ದೀಪ, ಬ್ಯಾಟಿಂಗ್ ಅಭ್ಯಾಸದ ಬಲೆ, ತಿಂಡಿ ಅಂಗಡಿ ಎಲ್ಲ ಇತ್ತು. ಹುಡುಗಿಯರ ಸಾಫ್ಟ್‌ಬಾಲ್ ಮೈದಾನಕ್ಕೆ ಇವು ಯಾವುವೂ ಇಲ್ಲ. ಇದನ್ನೆಲ್ಲ ಹುಡುಗರ ಅಪ್ಪ ಅಮ್ಮಂದಿರ ಸಂಘ ದುಡ್ಡು ಎತ್ತಿ ಮಾಡಿಸಿದ್ದು, ನಾವಲ್ಲ ಎಂದಿತು ಶಾಲಾ ಮಂಡಳಿ. ದುಡ್ಡು ಯಾರದೇ ಆಗಿರಲಿ, ಶಾಲೆಯ ಜಾಗದಲ್ಲಿ ಭೇದ ಆದರೆ ಶಾಲೆಯೇ ಹೊಣೆ ಎಂದಿತು ಕೋರ್ಟು. ಆಮೇಲೆ ಮಂಡಳಿ ತಂದ ಯೋಜನೆ ನೋಡಿ. ಹುಡುಗರ ಸ್ಕೋರ್‌ಬೋರ್ಡಿನ ಕರೆಂಟ್ ತೆಗೆಯುತ್ತೇವೆ, ಅವರ ಗ್ಯಾಲರಿಗೆ ಹಗ್ಗ ಕಟ್ಟುತ್ತೇವೆ, ಸಮ ಆಯ್ತಲ್ಲ! ಖರ್ಚು ಸೊನ್ನೆ. ಇದು ಹುಡುಗಿಯರಿಗೂ ಹುಡುಗರಿಗೂ ಇಬ್ಬರಿಗೂ ಶಿಕ್ಷೆ ಕೊಟ್ಟಂತೆ ಎಂದು ನ್ಯಾಯಾಧೀಶರು ಅಸಮಾಧಾನ ತೋರಿಸಿದರು. ಹಾಗೆ ಮಾಡಿದ್ದರೆ ಹುಡುಗರು ಸಿಟ್ಟು ತೀರಿಸಿಕೊಳ್ಳುವುದು ಯಾರ ಮೇಲೆ ಅಂತ ಬೇರೆ ಹೇಳಬೇಕಿಲ್ಲ.

ಪೆನ್ಸಿಲ್ವೇನಿಯಾ 2012ರಲ್ಲಿ ಮಾಡಿದ ಕಾನೂನು ಈ ವಿಷಯದಲ್ಲಿ ಕ್ಯಾಲಿಫೋರ್ನಿಯಾಕ್ಕಿಂತ ಮುಂದಿದೆ. ತಲೆ ಎಣಿಕೆಯ ಜೊತೆಗೆ ತಂಡದ ಖರ್ಚು, ಕೋಚ್‌ಗಳ ವಿವರ, ಪೋಷಕರ ಸಂಘಗಳಿಂದ ಬಂದ ದೇಣಿಗೆಯನ್ನೂ ಅದು ಕೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಎಲ್ಲ ಶಾಲೆಗಳ ಅಂಕಿಯನ್ನು ಒಂದೇ ಕಡೆ ಸೇರಿಸಿ ಕೊಡುವ ಕೆಲಸವನ್ನು ಕಾನೂನು ಯಾರಿಗೂ ವಹಿಸಿಲ್ಲ. ಒಂದೊಂದು ಶಾಲೆಯ ಪುಟವನ್ನೂ ಹುಡುಕಿಯೇ ನೋಡಬೇಕು. ಕಾಲೇಜಿನಂತೆ ಶಾಲೆಗಳೂ ವರದಿ ಕೊಡಲಿ ಎಂದು ಸಂಸತ್ತಿನಲ್ಲಿ ಮಸೂದೆಗಳು ಹಲವು ಸಲ ಬಂದಿವೆ. 2022ರಲ್ಲಿ ಸೆನೆಟರ್ ಕ್ರಿಸ್ ಮರ್ಫಿ ಮತ್ತು ಕೆಳಮನೆಯ ಸದಸ್ಯೆ ಆಲ್ಮಾ ಆಡಮ್ಸ್ ಕೂಡ ಒಂದು ತಂದರು. ಅದು ಪಾಸಾಗಲಿಲ್ಲ.

ಈಗ ಟೈಟಲ್ ನೈನ್ ಅಂತ ಹುಡುಕಿದರೆ ಸಿಗುವ ಸುದ್ದಿ ಹೆಚ್ಚಾಗಿ ಒಂದೇ. ಟ್ರಾನ್ಸ್‌ಜೆಂಡರ್ ಮಕ್ಕಳು ಹುಡುಗಿಯರ ತಂಡದಲ್ಲಿ ಆಡಬಹುದೇ ಬೇಡವೇ. 2025ರ ಫೆಬ್ರವರಿಯಲ್ಲಿ ಅಧ್ಯಕ್ಷ ಟ್ರಂಪ್ ಬೇಡ ಎಂದು ಆದೇಶಕ್ಕೆ ಸಹಿ ಹಾಕಿದರು. ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಗಂಭೀರ ಪ್ರಶ್ನೆಯೇ, ಎರಡು ಕಡೆಯವರಿಗೂ ಹೇಳುವುದಿದೆ. ಆದರೆ ಪ್ರಮಾಣ ನೋಡಿ. 5 ಲಕ್ಷಕ್ಕೂ ಹೆಚ್ಚು ಕಾಲೇಜು ಆಟಗಾರರಲ್ಲಿ ತನಗೆ ಗೊತ್ತಿರುವಂತೆ ಟ್ರಾನ್ಸ್‌ಜೆಂಡರ್ ಆಟಗಾರರು ಹತ್ತಕ್ಕಿಂತ ಕಡಿಮೆ ಎಂದು ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ಅಧ್ಯಕ್ಷ ಚಾರ್ಲಿ ಬೇಕರ್ 2024ರ ಡಿಸೆಂಬರ್‌ನಲ್ಲಿ ಸೆನೆಟ್‌ಗೆ ಹೇಳಿದರು. ಅದರ ಬಗ್ಗೆ ದಿನಗಟ್ಟಲೆ ಟಿವಿ ಚರ್ಚೆ ನಡೆಯುತ್ತದೆ. ಹೈಸ್ಕೂಲಿನ 12 ಲಕ್ಷದ ಅಂತರದ ಬಗ್ಗೆ ಸ್ಥಳೀಯ ಪತ್ರಿಕೆಯ ಒಳಪುಟದಲ್ಲಿ ಬಂದರೆ ಅದೇ ಜಾಸ್ತಿ. ಹುಡುಗಿಯರ ಆಟ ಕಾಪಾಡಬೇಕು ಎಂದು ಜೋರಾಗಿ ಕೂಗುವ ಎಷ್ಟು ಜನ ತಮ್ಮೂರಿನ ಸಾಫ್ಟ್‌ಬಾಲ್ ಮೈದಾನ ನೋಡಿದ್ದಾರೆ?

ಇದೇ ಹೊತ್ತಿನಲ್ಲಿ ದೂರು ಕೇಳುವ ಕಿವಿಗಳೂ ಕಡಿಮೆಯಾದವು. 2025ರ ಮಾರ್ಚ್‌ನಲ್ಲಿ ಶಿಕ್ಷಣ ಇಲಾಖೆಯ ಅರ್ಧದಷ್ಟು ಸಿಬ್ಬಂದಿಯನ್ನು ಕಡಿತ ಮಾಡುವುದಾಗಿ ಸರ್ಕಾರ ಹೇಳಿತು. ನಾಗರಿಕ ಹಕ್ಕುಗಳ ಕಚೇರಿಯ 12 ಪ್ರಾದೇಶಿಕ ಶಾಖೆಗಳಲ್ಲಿ 7ಕ್ಕೆ ಬೀಗ. ಅದರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ್ದೂ ಸೇರಿದೆ. ಕೋರ್ಟುಗಳಲ್ಲಿ ಇದರ ಮೇಲೆ ಹಗ್ಗಜಗ್ಗಾಟ ನಡೆಯಿತು. ಕೋರ್ಟಿಗೆ ಹೋಗದೆ, ವಕೀಲರಿಗೆ ದುಡ್ಡು ಸುರಿಯದೆ, ಒಂದು ಪತ್ರ ಬರೆದು ದೂರು ಕೊಡಲು ಇದ್ದ ಜಾಗ ಅದು. ಅದು ಸೊರಗಿದರೆ ಶಾಲೆಯ ವೆಬ್‌ಸೈಟಿನಲ್ಲಿ ಇರುವ ಆ ಒಣ ಅಂಕಿಪಟ್ಟಿಗೆ ಬೆಲೆ ಜಾಸ್ತಿಯಾಗುತ್ತದೆ. ಪೋಷಕರ ಸಭೆಯಲ್ಲಿ ಕೈ ಎತ್ತಿ ಕೇಳಲು ಕೈಯಲ್ಲಿ ಏನಾದರೂ ಬೇಕಲ್ಲ.

ನಮ್ಮ ಕರ್ನಾಟಕದ ಕಡೆ ಹೇಗಿದೆ ಅಂತ ಓದುವವರು ಕೇಳಿಯೇ ಕೇಳುತ್ತಾರೆ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ಆಟದ ಸಾಮಾನಿಗೆಂದು ವರ್ಷಕ್ಕೆ ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿವರೆಗೆ ಅನುದಾನ ಇದೆ. ಯುಡೈಸ್ ಎಂಬ, ದೇಶದ ಶಾಲೆಗಳ ಮಾಹಿತಿ ಸಂಗ್ರಹದ ಅಂಕಿಗಳಲ್ಲಿ ಆಟದ ಮೈದಾನ ಇರುವ ಶಾಲೆ ಎಷ್ಟು, ಹುಡುಗಿಯರ ಶೌಚಾಲಯ ಎಷ್ಟು ಕಡೆ ಬಳಕೆಯಲ್ಲಿದೆ ಅಂತ ಸಿಗುತ್ತದೆ. ಮೈದಾನದಲ್ಲಿ ಆಡುವವರು ಯಾರು ಅನ್ನುವುದು ಆ ಅಂಕಿಯಿಂದ ಗೊತ್ತಾಗುವುದಿಲ್ಲ. ಆ 25,000ದಲ್ಲಿ ಎಷ್ಟು ಕ್ರಿಕೆಟ್ ಕಿಟ್‌ಗೆ ಹೋಯಿತು, ಎಷ್ಟು ಥ್ರೋಬಾಲ್ ನೆಟ್‌ಗೆ ಹೋಯಿತು ಅನ್ನುವುದೂ ಅಷ್ಟೇ.

ಬೇಕಾದ ಕಾಗದ ಮಾತ್ರ ಈಗಾಗಲೇ ಇದೆ. ಹೋಬಳಿ, ತಾಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ಮಕ್ಕಳನ್ನು ಕಳಿಸುವಾಗ ಪಿಟಿ ಮೇಷ್ಟ್ರು ಪ್ರತಿಯೊಬ್ಬರ ಹೆಸರು, ತರಗತಿ, ಹುಟ್ಟಿದ ದಿನ ಬರೆದು, ಹೆಡ್‌ಮಾಸ್ಟರ ಸಹಿ, ಸೀಲು ಹಾಕಿಸಿ ಕೊಡುತ್ತಾರೆ. ವಯಸ್ಸಿನ ಮೋಸ ತಡೆಯಲು ಮಾಡಿಕೊಂಡ ಏರ್ಪಾಡು ಅದು. ಕೂಟ ಮುಗಿದ ಮೇಲೆ ಆ ಕಟ್ಟು ಯಾರಿಗೂ ಬೇಡ. ಮರುದಿನ ಪೇಪರಿನಲ್ಲಿ ಬಾಲಕಿಯರ ಖೋ ಖೋದಲ್ಲಿ ಯಾರು ಪ್ರಥಮ ಅಂತ ಫೋಟೊ ಸಮೇತ ಬರುತ್ತದೆ, ಅಲ್ಲಿಗೆ ಮುಗಿಯಿತು. ತಾಲೂಕು ದೈಹಿಕ ಶಿಕ್ಷಣ ಪರಿವೀಕ್ಷಕರು ಆ ಫಾರಂಗಳನ್ನು ಒಂದು ಮಧ್ಯಾಹ್ನ ಕೂತು ತರಗತಿವಾರು ಎಣಿಸಿದರೆ ಸಾಕು. ಎಂಟನೇ ಕ್ಲಾಸಿನಿಂದ ಎಷ್ಟು ಹುಡುಗಿಯರು ಬಂದರು, ಹತ್ತರಿಂದ ಎಷ್ಟು, ಯಾವ ಶಾಲೆಯಿಂದ ಒಬ್ಬಳೂ ಬರಲಿಲ್ಲ, ಎಲ್ಲ ಗೊತ್ತಾಗುತ್ತದೆ. ಅದನ್ನು ಬಿಇಒ ಕಚೇರಿಯ ಬೋರ್ಡಿಗೆ ಹಚ್ಚಲು ಹೊಸ ಕಾನೂನೂ ಬೇಡ, ಅನುದಾನವೂ ಬೇಡ.